ಒಲೆಯ ಹಿಂದಿನ ಟೇಪು

ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಸೊಸೆ ಬನ್ ಬೇಯಿಸುವ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಪಕ್ಕದ ಮನೆಯವರು ಕೇಳಿದ್ದರು, ಕೊಟ್ಟುಬಿಡುತ್ತೇನೆ ಎಂದಿದ್ದಳು. "ಇರ್ಲಿ ಬಿಡೆ, ರಿಪೇರಿಯವರು ಬಂದು ನೋಡ್ಲಿ ಮೊದಲು" ಎಂದು ಅತ್ತೆ ಹೇಳಿದರೂ ಅವಳ ಕೈ ನಿಲ್ಲಲಿಲ್ಲ. ಊಟದ ಮೇಜಿನ ತುದಿಯಲ್ಲಿ ಮಾವ ಪೇಪರ್ ಹಿಡಿದು ಕುಳಿತಿದ್ದರು. ಅರ್ಧ ಗಂಟೆಯಿಂದ ಅವರು ಒಂದೇ ಪುಟ ಓದುತ್ತಿದ್ದರು.

ಮಾವ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದು, ಮೇಲ್ವಿಚಾರಕರಾಗಿ ನಿವೃತ್ತರಾದವರು. ಬೀದಿಗೆಲ್ಲ ಅವರು 'ಡಿಪೋ ಸಾಹೇಬರು'. ಮನೆಯಲ್ಲಿ ಏನೇ ಕೆಡಲಿ, ಮೊದಲು ಅವರ ಕೈ ಬೀಳಬೇಕು. ಅವರ ಹತಾರಗಳ ಪೆಟ್ಟಿಗೆಯಲ್ಲಿ ಸ್ಪಾನರ್ ಇಲ್ಲದ ದಿನವಿದ್ದೀತು, ಕರಿ ಟೇಪಿನ ಸುರುಳಿ ಇಲ್ಲದ ದಿನವಿಲ್ಲ. ಮುರಿದ ಕೊಡೆ, ಸೀಳಿದ ನೀರಿನ ಪೈಪು, ಹೆಂಡತಿಯ ಕನ್ನಡಕದ ಕಡ್ಡಿ, ಎಲ್ಲಕ್ಕೂ ಅದೇ ಮದ್ದು. "ನನ್ನ ಕಾಲು ಮುರಿದ್ರೆ ಇವರು ಡಾಕ್ಟರ್ ಹತ್ರ ಕರ್ಕೊಂಡು ಹೋಗಲ್ಲ, ಟೇಪ್ ಸುತ್ತಿ ನಡಿ ಅಂತಾರೆ" ಎಂದು ಹೆಂಡತಿ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದರು. ಸಾಹೇಬರೂ ನಗುತ್ತಿದ್ದರು. ತಪ್ಪಾಯಿತು ಎಂಬ ಮಾತೊಂದನ್ನು ಮಾತ್ರ ಆ ಮನೆಯಲ್ಲಿ ಯಾರೂ ಅವರ ಬಾಯಿಂದ ಕೇಳಿದ್ದಿಲ್ಲ.

ಅಡುಗೆಮನೆಯ ವಿದ್ಯುತ್ ಒಲೆ ಎಂದರೆ ಮೇಲೆ ಪಾತ್ರೆ ಇಡುವ ನಾಲ್ಕು ಕಣ್ಣು, ಕೆಳಗೆ ಓವನ್ ಇದ್ದ ದೊಡ್ಡ ಯಂತ್ರ. ಅದನ್ನು ನಂಬಿಕೊಂಡು ಸೊಸೆ ಎಂಟು ತಿಂಗಳಿಂದ ಮುಖ್ಯರಸ್ತೆಯ ಕ್ಯಾಂಟೀನಿಗೆ ದಿನಕ್ಕೆ ನಲವತ್ತು ಬನ್ ಮಾಡಿ ಕೊಡುತ್ತಿದ್ದಳು. ಮದುವೆಯಾಗಿ ಬಂದು ಆರು ವರ್ಷದಲ್ಲಿ ಅವಳು ತನ್ನದು ಎಂದು ಹೇಳಿಕೊಂಡ ಮೊದಲ ಕೆಲಸ ಅದು. ಮೊನ್ನೆ ಬೆಳಗ್ಗೆ ಓವನ್ ಒಳಗಿಂದ 'ಚಟ್' ಎಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಮನೆಯ ಕರೆಂಟೇ ಹೋಯಿತು. ಒಳಗಿದ್ದ ಬನ್ನುಗಳು ತಳ ಹಸಿಯಾಗಿ ಉಳಿದವು.

"ದಿನಾ ಎರಡು ಸಲ ಉರಿಸಿದ್ರೆ ಯಾವ ಯಂತ್ರ ತಡಿಯುತ್ತೆ? ಯಂತ್ರ ನಡೆಸೋಕೂ ಒಂದು ಕೈಗುಣ ಬೇಕು," ಎಂದಿದ್ದರು ಸಾಹೇಬರು. "ಸಾಕು ಈ ಬನ್ ವ್ಯಾಪಾರ. ಮನೆ ಸುಟ್ಟುಹೋಗೋ ಮೊದಲು ನಿಲ್ಸೋದು ಒಳ್ಳೇದು." ಅಷ್ಟಕ್ಕೇ ಸುಮ್ಮನಿರದೆ, ಸಂಜೆಯ ವಾಕಿಂಗಿಗೆ ಹೋದಾಗ ಕ್ಯಾಂಟೀನಿನವನಿಗೂ ಹೇಳಿಬಂದಿದ್ದರು, ತಮ್ಮ ಸೊಸೆಗೆ ಯಂತ್ರದ ಕೈಗುಣ ಇಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು. ಮಗ ರಾತ್ರಿ ಪಾಳಿ ಮುಗಿಸಿ ಬಂದವನು ಅಪ್ಪನ ಮಾತಿಗೆ ತಲೆಯಾಡಿಸಿ ಮಲಗಿಬಿಟ್ಟಿದ್ದ.

ಬಾಗಿಲ ಗಂಟೆ ಸದ್ದು ಮಾಡಿದಾಗ ಸಾಹೇಬರೇ ಹೋಗಿ ತೆರೆದರು. ನಲವತ್ತರ ಆಸುಪಾಸಿನ ಹೆಂಗಸು, ಬೂದುಬಣ್ಣದ ಅಂಗಿ ಪ್ಯಾಂಟು, ಭುಜದಲ್ಲಿ ಭಾರವಾದ ಚೀಲ.

"ರಿಪೇರಿಯವರು ಎಲ್ಲಿ?" ಎಂದರು ಸಾಹೇಬರು, ಅವಳ ಬೆನ್ನ ಹಿಂದೆ ಇಣುಕಿ.

"ನಾನೇ. ಒಲೆ ಎಲ್ಲಿದೆ?" ಎಂದಳು ಅವಳು, ಇಂಥ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವವಳ ಹಾಗೆ.

ರಿಪೇರಿಯಾಕೆ ಸೀದಾ ಚೀಲ ಬಿಚ್ಚಲಿಲ್ಲ. ಓವನ್ ಬಾಗಿಲು ತೆರೆದು ಒಳಗೆ ಮೂಗಿಟ್ಟು ವಾಸನೆ ನೋಡಿದಳು. ಯಾವ ದಿನ, ಎಷ್ಟು ಹೊತ್ತಿಗೆ, ಸದ್ದು ಮೊದಲೋ ವಾಸನೆ ಮೊದಲೋ ಎಂದು ಸೊಸೆಯನ್ನು ಕೇಳಿದಳು. ಸೊಸೆ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಎಲ್ಲರ ಮುಖ ನೋಡಿ, "ಇದರ ಹಿಂದಿನ ತಗಡು ಯಾರಾದ್ರೂ ಬಿಚ್ಚಿದ್ರಾ?" ಎಂದಳು.

"ಇಲ್ಲ" ಎಂದರು ಸಾಹೇಬರು, ಎಲ್ಲರಿಗಿಂತ ಮೊದಲು.

ಬಿಚ್ಚಿದ್ದು ಅವರೇ. ಎರಡು ವಾರದ ಹಿಂದೆ ಓವನ್ನಿನ ತಳ ಸರಿಯಾಗಿ ಕಾಯುತ್ತಿಲ್ಲ ಎಂದು ಸೊಸೆ ಅತ್ತೆಯ ಹತ್ತಿರ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಹೆಂಗಸರಿಬ್ಬರೂ ಹೊರಗೆ ಹೋಗಿದ್ದಾಗ ತಗಡು ಬಿಚ್ಚಿ ನೋಡಿದರೆ, ತಳದ ಕಾಯುವ ಸುರುಳಿಗೆ ಹೋಗುವ ತಂತಿಯ ತುದಿ ಸಡಿಲವಾಗಿ ಅಲ್ಲಾಡುತ್ತಿತ್ತು. ಅದನ್ನು ಒತ್ತಿ ಕೂರಿಸಿ, ಸುತ್ತ ಕರಿ ಟೇಪು ಬಿಗಿದು, ತಗಡು ಮುಚ್ಚಿ, ಕೈ ತೊಳೆದುಕೊಂಡಿದ್ದರು. ಹತ್ತು ಹನ್ನೆರಡು ದಿನ ಓವನ್ ಚೆನ್ನಾಗಿಯೇ ನಡೆದಿತ್ತು. ಮೊನ್ನೆ ಆ ವಾಸನೆ ಬಂದ ಕ್ಷಣವೇ ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಅಷ್ಟು ಜೋರಾಗಿ ಮಾತಾಡಿದ್ದರು.

ರಿಪೇರಿಯಾಕೆ ಒಲೆಯ ಸ್ವಿಚ್ಚನ್ನು ಮಾತ್ರವಲ್ಲ, ಬೋರ್ಡಿನಲ್ಲಿ ಅದರ ಬ್ರೇಕರನ್ನೂ ಇಳಿಸಿ, ಮೇಲೆ ಒಂದು ಪುಟ್ಟ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟುಕೊಂಡಳು. ಆಮೇಲೆ ಚೀಲದಿಂದ ಕರೆಂಟ್ ನೋಡುವ ಮೀಟರ್ ತೆಗೆದು, ಅದರ ಎರಡು ಕಡ್ಡಿಗಳನ್ನು ಮೊದಲು ಕರೆಂಟ್ ಇರುವ ಇನ್ನೊಂದು ಸಾಕೆಟ್ಟಿಗೆ ಇಟ್ಟು ನೋಡಿ, ನಂತರ ಒಲೆಯ ತಂತಿಗೆ ಇಟ್ಟು ನೋಡಿ, ಮತ್ತೆ ಅದೇ ಸಾಕೆಟ್ಟಿಗೆ ಬಂದಳು.

"ಇದ್ಯಾಕೆ ಎರಡೆರಡು ಸಲ?" ಸಾಹೇಬರಿಗೆ ಕೇಳದೆ ಇರಲಾಗಲಿಲ್ಲ.

"ಕರೆಂಟ್ ಇಲ್ಲ ಅಂತ ಮೀಟರ್ ಹೇಳ್ತಿದೆ. ಮೀಟರೇ ಕೆಟ್ಟಿದ್ರೆ? ಅದನ್ನೂ ನಂಬೋ ಹಾಗಿಲ್ಲ, ನನ್ನನ್ನೂ ನಂಬೋ ಹಾಗಿಲ್ಲ," ಎಂದಳು.

ಸಾಹೇಬರು ಅರಿಯದೆಯೇ ತಲೆದೂಗಿದರು. ಕೆಲಸ ಬಲ್ಲವರ ಕೈಯನ್ನು ಗುರುತಿಸುವ ಕಣ್ಣು ಅವರಿಗಿತ್ತು, ಅದರಲ್ಲಿ ಮೋಸವಿಲ್ಲ. ಅವಳು ಪ್ರತಿ ತಂತಿಯನ್ನೂ ಬಿಚ್ಚುವ ಮೊದಲು ಫೋಟೋ ತೆಗೆದಳು. ಸೊಸೆಯ ಪೆಟ್ಟಿಗೆಯಿಂದ ಒಂದು ಬನ್ ತಟ್ಟೆ ಕೇಳಿ ಪಡೆದು, ಯಾವ ಮೂಲೆಯ ಸ್ಕ್ರೂ ತಟ್ಟೆಯ ಯಾವ ಗುಳಿಯಲ್ಲಿ ಎಂದು ಸಾಲಾಗಿ ಹಾಕಿಟ್ಟಳು. ಡಿಪೋದಲ್ಲಿ ತಮ್ಮ ಕೈಕೆಳಗಿದ್ದ ನಲವತ್ತು ಜನರಲ್ಲಿ ಇಷ್ಟು ಅಚ್ಚುಕಟ್ಟಿನವರು ಇಬ್ಬರೋ ಮೂವರೋ ಇದ್ದರು ಅಷ್ಟೆ. ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕುಳಿತುಬಿಟ್ಟರು.

ಹಿಂದಿನ ತಗಡು ಹೊರಗೆ ಬಂತು. ಸುಟ್ಟ ತಂತಿಯ ತುದಿಯಲ್ಲಿ ಕರಿ ಟೇಪು ಕರಗಿ ಅಂಟಾಗಿ ಇಳಿದು ತಗಡಿಗೆ ಮೆತ್ತಿಕೊಂಡಿತ್ತು.

"ಟೇಪ್ ಸುತ್ತಿದಾರೆ," ಎಂದಳು ರಿಪೇರಿಯಾಕೆ, ಇವತ್ತು ಬಿಸಿಲು ಜಾಸ್ತಿ ಎನ್ನುವ ಧ್ವನಿಯಲ್ಲಿ. "ಇಷ್ಟು ಬಿಸಿಗೆ ಈ ಟೇಪ್ ತಡಿಯಲ್ಲ. ತಂತಿ ತುದಿ ಮೊದಲೇ ಸಡಿಲ ಇದ್ದಿರಬೇಕು, ಕೂರಿಸಿದ್ದು ಗಟ್ಟಿಯಾಗಿಲ್ಲ. ಒಳಗೇ ಕಿಡಿ ಹಾರಿದೆ. ಕಾಯೋ ಸುರುಳಿ ಮಾತ್ರ ಚೆನ್ನಾಗಿದೆ, ಅದನ್ನ ಬದಲಾಯಿಸೋದು ಬೇಡ."

"ದಿನಾ ಎರಡು ಸಲ ಹಚ್ಚಿದ್ದಕ್ಕೆ ಕೆಟ್ಟಿದ್ದಾ?" ಎಂದು ಸೊಸೆ ಕೇಳಿದಳು.

"ಹತ್ತು ಸಲ ಹಚ್ಚಿ. ಇದು ಇರೋದೇ ಅದಕ್ಕೆ."

 ಟೇಪು ಸುತ್ತಿದ್ದು ಯಾರೆಂದು ಸೊಸೆಯಾಗಲಿ ರಿಪೇರಿಯಾಕೆಯಾಗಲಿ ಕೇಳಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಲು ತೊಡಗಿದರು. ಈಗಲೇ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯುತ್ತದೆ ಎಂದು ಅವರಿಗೆ ಅನ್ನಿಸಿತು. ಆದರೆ ಹಿಂದೆ ಯಾರೋ ರಿಪೇರಿಯವನು ಸುತ್ತಿರಬೇಕು ಎಂಬ ಮಾತೇ ತುಟಿಯ ತನಕ ಬಂದು ನಿಂತಿತು. ಅದನ್ನು ನುಂಗಿಕೊಂಡರು.

ಅವಳು ಸುಟ್ಟ ಭಾಗವನ್ನು ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿದಳು. ಬಿಸಿ ತಡೆಯುವ ಹೊಸ ತಂತಿ ಸೇರಿಸಿ, ತುದಿಗೆ ತಂತಿ ಕಚ್ಚಿಹಿಡಿಯುವ ಹೊಸ ಲೋಹದ ಕೊಂಡಿ ಹಾಕಿ ಒತ್ತಿ, ಮೂರು ಸಲ ಎಳೆದು ನೋಡಿದಳು. ತಗಡು ಮುಚ್ಚಿ, ಒಲೆಯನ್ನು ಗೋಡೆಯತ್ತ ದೂಡುವಾಗ ಅದರ ಕಾಲೊಂದು ನೆಲದ ಟೈಲಿಗೆ ಸಿಕ್ಕಿಕೊಂಡು 'ಟಕ್' ಎಂದಿತು. ಟೈಲಿನ ಮೂಲೆ ಚಕ್ಕೆಯೆದ್ದು, ಅಂಗೈಯುದ್ದ ಬಿರುಕು ಓಡಿತು.

ಅತ್ತೆ ಸೊಸೆ ಆಗ ಹಿಟ್ಟಿನ ಡಬ್ಬಿ ಹುಡುಕುತ್ತ ಆ ಕಡೆ ತಿರುಗಿದ್ದರು. ನೋಡಿದ್ದು ಸಾಹೇಬರೊಬ್ಬರೇ. ಇನ್ನೊಂದು ಗೇಣು ದೂಡಿದರೆ ಒಲೆ ಅದರ ಮೇಲೆ ಕೂರುತ್ತಿತ್ತು, ಹತ್ತು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ದೂಡಿಬಿಡುತ್ತಾಳೆ ಎಂದು ಅವರಿಗೆ ಖಾತ್ರಿಯಿತ್ತು.

ರಿಪೇರಿಯಾಕೆ ಒಲೆಯನ್ನು ಮತ್ತೆ ಹಿಂದಕ್ಕೆಳೆದಳು. "ಇಲ್ಲಿ ಬಂದು ನೋಡ್ತೀರಾ?" ಎಂದು ಎಲ್ಲರನ್ನೂ ಕರೆದಳು. "ಟೈಲ್ ಒಡೀತು. ನನ್ನ ತಪ್ಪು. ಕೆಳಗೆ ಹಲಗೆ ಹಾಕಿ ದೂಡಬೇಕಿತ್ತು, ಹಾಕ್ಲಿಲ್ಲ. ನಾಳೆ ಇದೇ ಬಣ್ಣದ್ದು ತಂದು ಕೂರಿಸಿಕೊಡ್ತೀನಿ."

"ಅಯ್ಯೋ, ಅದು ಒಲೆ ಕೆಳಗೆ ಮುಚ್ಚಿಹೋಗುತ್ತಲ್ಲಮ್ಮ, ಯಾರಿಗೆ ಕಾಣುತ್ತೆ?" ಎಂದರು ಸಾಹೇಬರು. ಅವಳನ್ನು ಹೇಗಾದರೂ ಪಾರು ಮಾಡಬೇಕೆಂದು ಅವರ ಮನಸ್ಸು ಏಕೋ ಒದ್ದಾಡುತ್ತಿತ್ತು.

"ಮುಚ್ಚಿಹೋಗುತ್ತೆ ಅಂತಾನೇ ಈಗ ತೋರಿಸ್ತಿದೀನಿ ಸಾರ್. ಮುಂದೆ ಯಾವಾಗಲೋ ಒಲೆ ಎಳೆದಾಗ ಕಾಣುತ್ತೆ. ಆವತ್ತು ಈ ಮನೇಲಿ ಯಾರ ತಲೆಗೆ ಕಟ್ತಾರೋ ಯಾರಿಗೆ ಗೊತ್ತು?"

ಸಾಮಾನ್ಯ ಮಾತು, ಅವಳು ಅದನ್ನು ಯಾರಿಗೂ ಗುರಿಯಿಟ್ಟು ಆಡಿದ್ದಲ್ಲ. ಸಾಹೇಬರ ಕಿವಿ ಮಾತ್ರ ಬಿಸಿಯಾಯಿತು. ಮೂವತ್ತೆರಡು ವರ್ಷ ಜನರ ತಪ್ಪು ಹಿಡಿದು ಬರೆದವರು ಅವರು. ನನ್ನ ತಪ್ಪು ಎಂಬ ಮಾತನ್ನು ಇಷ್ಟು ನಿರಾಳವಾಗಿ, ಬೆನ್ನು ಬಗ್ಗಿಸದೆ ಆಡಿದವರನ್ನು ಅವರು ಇಂದೇ ಕಂಡದ್ದು. 

ಬೀಗ ತೆಗೆದು ಬ್ರೇಕರ್ ಏರಿಸಿದ ಮೇಲೆ ಅರ್ಧ ಗಂಟೆಯಲ್ಲಿ ಓವನ್ ಕಾಯಿತು. ಒಳಗೆ ಇಟ್ಟ ಶಾಖಮಾಪಕ ನೋಡಿ ತೃಪ್ತಿಯಾದ ಮೇಲೆ ರಿಪೇರಿಯಾಕೆ ಹೊರಟಳು. ಸಾಹೇಬರು ಗೇಟಿನ ತನಕ ಹೋಗಿ, ಬೇಡವೆಂದರೂ ಕೇಳದೆ, ಅವಳ ಭಾರದ ಚೀಲವನ್ನು ತಾವೇ ಹೊತ್ತು ಅವಳ ಗಾಡಿಯಲ್ಲಿಟ್ಟು ಬಂದರು.

ಒಳಗೆ ಸೊಸೆ ಒಲೆಯ ಮುಂದೆ ಕೈಕಟ್ಟಿ ನಿಂತಿದ್ದಳು.

"ಆ ಟೇಪ್ ಸುತ್ತಿದ್ದು ನಾನು," ಎಂದರು ಸಾಹೇಬರು. ಹೇಳುವ ಮೊದಲು ಬೆಟ್ಟದಷ್ಟಿದ್ದ ಮಾತು, ಹೇಳಿದ ಮೇಲೂ ಹಗುರಾಗಲಿಲ್ಲ. "ನನ್ನಿಂದ ಕೆಟ್ಟಿದ್ದು. ನಿನ್ನ ಮೇಲೆ ಹಾಕಿದೆ. ತಪ್ಪಾಯ್ತಮ್ಮ."

ಅತ್ತೆ ಕೈಲಿದ್ದ ಡಬ್ಬಿಯನ್ನು ಹಾಗೇ ಹಿಡಿದು ನಿಂತರು.

"ಗೊತ್ತಿತ್ತು ಮಾವ," ಎಂದಳು ಸೊಸೆ. "ಮೊನ್ನೆ ಟೇಪ್ ಸುಟ್ಟ ವಾಸನೆ ಬಂದಾಗಲೇ ಗೊತ್ತಾಯ್ತು. ಈ ಮನೇಲಿ ಟೇಪ್ ಸುತ್ತೋರು ಇನ್ಯಾರಿದಾರೆ?"

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಒಪ್ಕೊಳ್ತಿದ್ರಾ?"

 ಸಾಹೇಬರು ಚಪ್ಪಲಿ ಮೆಟ್ಟಿಕೊಂಡು, ನೆತ್ತಿಯ ಬಿಸಿಲಲ್ಲೇ ಬೀದಿಗೆ ಇಳಿದರು.

ಕ್ಯಾಂಟೀನಿನಲ್ಲಿ ಊಟದ ಗಲಾಟೆ. ಸಾಹೇಬರು ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ಬನ್ನಿಗೆ ಬೇರೆಯವರನ್ನ ನೋಡಿದ್ರಾ?" ಎಂದು ಕೇಳಿದರು.

"ಒಬ್ರು ನಾಳೆ ಬರ್ತೀನಿ ಅಂದಿದಾರೆ. ಯಾಕೆ ಸಾಹೇಬ್ರೆ? ನೀವೇ ಹೇಳಿದ್ರಲ್ಲ, ಸೊಸೆ ಒಲೆ ಕೆಡಿಸ್ಕೊಂಡ್ರು ಅಂತ."

"ಕೆಡಿಸಿದ್ದು ನಾನು. ಅವಳಲ್ಲ," ಎಂದರು ಸಾಹೇಬರು. ಊಟದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಬೇಕಾಯಿತು. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಅವರಲ್ಲಿ ಹಳೆಯ ಡಿಪೋದ ಡ್ರೈವರನೊಬ್ಬನೂ ಇದ್ದ, ಅವನ ತುತ್ತು ಕೈಯಲ್ಲೇ ನಿಂತಿತು. "ಒಲೆಗೆ ಸುಳ್ಳು ರಿಪೇರಿ ಮಾಡಿದ್ದು ನಾನು, ನಿಮ್ಮ ಹತ್ರ ಸುಳ್ಳು ಹೇಳಿದ್ದೂ ನಾನು. ಅವಳ ಕೈಗುಣಕ್ಕೆ ಏನೂ ಕಮ್ಮಿಯಿಲ್ಲ."

ಕ್ಯಾಂಟೀನಿನವನು ಗಲ್ಲಾಪೆಟ್ಟಿಗೆ ಮುಚ್ಚಿದ. "ಸರಿ ಹಾಗಾದ್ರೆ. ಆ ಇನ್ನೊಬ್ರಿಗೆ ಬೇಡ ಅಂತೀನಿ. ನಾಳೆಯಿಂದ ಕಳಿಸೋಕೆ ಹೇಳಿ ಸೊಸೆಗೆ."

ಸಾಹೇಬರು ಹೂಂ ಎನ್ನಲು ಬಾಯಿ ತೆರೆದವರು ತಡೆದುಕೊಂಡರು.

"ನಾನು ಹೇಳೋದಲ್ಲ. ಕೆಲಸ ಅವಳದು. ನೀವೇ ಅವಳಿಗೆ ಫೋನ್ ಮಾಡಿ ಕೇಳಿ," ಎಂದರು.