ಬಚ್ಚಲುಮನೆಯ ಕಂದು ಹೊಗೆ

ಮುನಿರತ್ನಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಬಚ್ಚಲುಮನೆ ಕಡೆಯಿಂದ ಮಗಳು ಅಕ್ಷತ ಕೂಗಿಕೊಂಡಳು.

"ಅಮ್ಮಾ, ಬೇಗ ಬಾ! ಹೊಗೆ!"

ಇದ್ದಿಲು ಅಲೋಹ ಅಂತ ಅಕ್ಷತಳ ಪಾಠದಲ್ಲಿ ಬಂದಿತ್ತು. ಅದನ್ನು ಆಸಿಡ್‌ಗೆ ಹಾಕಿದರೆ ಏನಾಗುತ್ತದೆ ಎಂದು ಅವಳು ಕೇಳಿದ್ದೇ ತಡ, ಅಪ್ಪ ಮುನಿಕೃಷ್ಣ ಬಾಶೆಟ್ಟಿಹಳ್ಳಿಯಲ್ಲಿ ತಾನು ಕೆಲಸ ಮಾಡುವ ಕಾರ್ಖಾನೆ ಶೆಡ್ಡಿನಿಂದ ನೈಟ್ರಿಕ್ ಆಸಿಡ್ ತಂದಿದ್ದ. ಅದೂ ನೀರಿನ ಬಾಟಲಿಯಲ್ಲಿ! ಬಚ್ಚಲಲ್ಲಿ ಅದನ್ನು ಲೋಟಕ್ಕೆ ಸುರಿದು ಇದ್ದಿಲು ಹಾಕಿದ್ದ.

ಮುನಿರತ್ನಮ್ಮ ಮೊರ ಹಿಡಿದೇ ಓಡಿ ಬರುವಷ್ಟರಲ್ಲಿ ಬಚ್ಚಲ ತುಂಬ ಕಂದು ಹೊಗೆ. ಮಗಳನ್ನು ಆಚೆ ತಳ್ಳಿ, ಮುನಿಕೃಷ್ಣ ಕೆಮ್ಮುತ್ತಾ ಹೊರಬಂದ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. "ಏನೂ ಆಗಿಲ್ಲ ಕಣೇ, ಊಟಕ್ಕಿಡು" ಎಂದು ನಕ್ಕ.

ಗಲಾಟೆ ಕೇಳಿ ಪಕ್ಕದ ಮನೆಯ ನರ್ಸ್ ಪ್ರಮೋದಾ ಬಂದು, ಹೊಗೆಯ ಬಣ್ಣ ನೋಡಿ ಎಚ್ಚರಿಸಿದಳು. "ಯಾರೂ ಒಳಗೆ ಹೋಗ್ಬೇಡಿ. ಅಣ್ಣಾ, ಈಗಲೇ ಆಸ್ಪತ್ರೆಗೆ ನಡೀರಿ. ಮಗೂನೂ ಬರ್ಲಿ."

"ಶೆಡ್ಡಲ್ಲಿ ದಿನಾ ಇದೇ ವಾಸ್ನೆ ಕಣಮ್ಮ."

"ಅಲ್ಲಿ ಹೊಗೆ ಎಳೆಯೋ ಫ್ಯಾನ್ ಇರುತ್ತೆ. ಇಲ್ಲಿ ಎಲ್ಲಾ ನಿಮ್ಮ ಎದೆಗೇ ಹೋಗಿದೆ. ಈಗೇನೂ ಅನ್ಸಲ್ಲ. ಸಂಜೆಗೋ ನಾಳೆಗೋ ಶ್ವಾಸಕೋಶದಲ್ಲಿ ನೀರು ತುಂಬ್ಕೋಬಹುದು."

ಮುನಿರತ್ನಮ್ಮನಿಗೆ ದಿಕ್ಕು ತೋಚಲಿಲ್ಲ. ಗಂಡ ಚೆನ್ನಾಗೇ ಮಾತಾಡುತ್ತಿದ್ದಾನೆ. ಸುಮ್ಮನೆ ಊರೆಲ್ಲ ರಂಪ ಮಾಡಿದಂತಾಗುತ್ತದೆಯೇ? ಕೊನೆಗೆ ಕೈಲಿದ್ದ ಮೊರ ಬದಿಗಿಟ್ಟಳು.

"ಏನೂ ಆಗದಿದ್ರೆ ನಾಳೆ ನನ್ನ ಬೈರಿ. ಈಗ ಚಪ್ಪಲಿ ಮೆಟ್ಕೊಳಿ."

ಆಟೋದಲ್ಲಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದರು. ಅಕ್ಷತಳನ್ನು ನೋಡಿ ಡಾಕ್ಟರು ಭಯವಿಲ್ಲ ಎಂದರು. ಮುನಿಕೃಷ್ಣನನ್ನು ಮಾತ್ರ ಉಳಿಸಿಕೊಂಡರು. ಹೊತ್ತು ಮುಳುಗುವಾಗ ಅವನಿಗೆ ಉಸಿರು ಕಟ್ಟತೊಡಗಿತು. ಮಾತು ಹೊರಡದೆ ಹೆಂಡತಿಯ ಕೈ ಬಿಗಿಯಾಗಿ ಹಿಡಿದುಕೊಂಡ. ಆಕ್ಸಿಜನ್ ಪಕ್ಕದಲ್ಲೇ ಇತ್ತು. ಡಾಕ್ಟರು ಕೂಡಲೇ ಹಾಕಿದರು. "ಮನೇಲಿದ್ದಿದ್ರೆ ಕಷ್ಟ ಆಗ್ತಿತ್ತು" ಎಂದರು.

ಕೆಲವು ದಿನಗಳ ನಂತರ ಅವನು ಮನೆಗೆ ಬಂದ. ಅಷ್ಟರಲ್ಲಿ ಶೆಡ್ಡಿನವರು ಕೈಗವಸು, ಮಾಸ್ಕ್ ಹಾಕಿಕೊಂಡು ಬಂದು ಲೋಟವನ್ನೂ ಉಳಿದ ಆಸಿಡನ್ನೂ ಒಯ್ದಿದ್ದರು.

"ನಾನು ಕೇಳಿದ್ದೇ ತಪ್ಪಾಯ್ತಾ ಅಪ್ಪಾ?" ಎಂದು ಅಕ್ಷತ ಕಣ್ಣಲ್ಲಿ ನೀರು ತಂದುಕೊಂಡಳು.

"ಕೇಳಿದ್ದು ತಪ್ಪಲ್ಲ ಮಗಾ. ನಾನು ಮನೆಗೆ ತಂದಿದ್ದು ತಪ್ಪು. ಇಂಥದ್ದೆಲ್ಲ ಸ್ಕೂಲ್ ಲ್ಯಾಬಲ್ಲಿ, ಮೇಷ್ಟ್ರ ಎದುರಿಗೇ ನೋಡು."

ಅಕ್ಕಂದಿರೇ, ಅಣ್ಣಂದಿರೇ, ಕಾರ್ಖಾನೆಯ ಆಸಿಡ್ ನಿಮ್ಮ ಮನೆಯಲ್ಲೂ ಇದೆಯೇ? ಇವತ್ತೇ ಹುಡುಕಿ ನೋಡಿ. ಇದ್ದರೆ ಮೋರಿಗೆ ಸುರಿಯಬೇಡಿ, ತಂದ ಕಡೆಗೇ ತಿಳಿಸಿ. ಮಕ್ಕಳು ಪ್ರಶ್ನೆ ಕೇಳಲಿ, ಪ್ರಯೋಗ ಮನೆಯಲ್ಲಿ ಬೇಡ. ಅಕಸ್ಮಾತ್ ಯಾರಾದರೂ ಆ ಹೊಗೆ ಕುಡಿದರೆ, "ನನಗೇನೂ ಆಗಿಲ್ಲ" ಎಂದರೂ ಕಾಯುತ್ತಾ ಕೂರಬೇಡಿ. ನೂರೆಂಟಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿಸಿ.