ಪರೀಕ್ಷೆಗೆ ಮಲಗಿದ ಅಪ್ಪ

ಹೊಟ್ಟೆ ಮುಟ್ಟುವ ಮೊದಲು ಅವರೆಲ್ಲ ಅಂಗೈ ಉಜ್ಜಿಕೊಳ್ಳುತ್ತಿದ್ದರು. ತಣ್ಣನೆಯ ಕೈ ತಾಗಿದರೆ ರೋಗಿಯ ಹೊಟ್ಟೆ ಬಿಗಿಯಾಗುತ್ತದೆ, ಒಳಗಿನದು ಕೈಗೆ ಸಿಗುವುದಿಲ್ಲ ಎಂದು ಅವರಿಗೆ ಕಲಿಸಿದ್ದರಂತೆ. ಬಿಳಿ ಕೋಟಿನ ಹುಡುಗರು, ಹುಡುಗಿಯರು ಅಪ್ಪನ ಮಂಚದ ಬಲಗಡೆಗೆ ಸಾಲಾಗಿ ನಿಂತು, ಕೈಕೈ ಉಜ್ಜುತ್ತ ತಮ್ಮ ಸರದಿಗೆ ಕಾಯುತ್ತಿದ್ದ ಆ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಕೈಗಳನ್ನು ಹಿಡಿದು ತಿರುಚಿಬಿಡಬೇಕು ಅನ್ನಿಸುತ್ತಿತ್ತು ನನಗೆ.

ಅದು ಡಾಕ್ಟರಿಕೆ ಕಲಿಸುವ ಆಸ್ಪತ್ರೆ. ಕಿಡ್ನಿ ವಾರ್ಡಿನ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ 'ಮೂತ್ರಪಿಂಡ ಸಂಶೋಧನೆ ಮತ್ತು ತರಬೇತಿ ವಿಭಾಗ' ಎಂದು ಬರೆದಿತ್ತು. ಚಿಕಿತ್ಸೆ ಎಂಬ ಶಬ್ದ ಆ ಫಲಕದಲ್ಲಿ ಇರಲಿಲ್ಲ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು. ಆದರೂ ಬರೆದದ್ದನ್ನು ಓದಲು ಬರುತ್ತಿತ್ತು; ಬರೆಯದೆ ಬಿಟ್ಟದ್ದು ಏನೆಂದೂ ತಿಳಿಯುತ್ತಿತ್ತು.

ಅಪ್ಪನ ಎರಡೂ ಕಿಡ್ನಿಗಳಲ್ಲಿ ನೀರಿನ ಗುಳ್ಳೆಗಳು ತುಂಬಿಕೊಂಡಿದ್ದವು. ಒಂದಕ್ಕೊಂದು ಅಂಟಿ ಬೆಳೆದು, ಮುಷ್ಟಿಯಷ್ಟಿರಬೇಕಾದ ಕಿಡ್ನಿ ಪಪ್ಪಾಯಿಯಷ್ಟಾಗಿ, ಹೊಟ್ಟೆಯ ಎರಡೂ ಮಗ್ಗುಲಿಗೆ ಕೈಗೆ ಸಿಗುತ್ತಿತ್ತು. ಅವು ಕೆಲಸ ನಿಲ್ಲಿಸಿದ್ದರಿಂದ ಡಯಾಲಿಸಿಸ್ ಯಂತ್ರ ಅವನ ರಕ್ತ ತೊಳೆಯುತ್ತಿತ್ತು. ಇಂಥ ಹೊಟ್ಟೆ ಕಲಿಯುವವರಿಗೆ ಅಪರೂಪವಂತೆ. ವಿಭಾಗದ ಮುಖ್ಯಸ್ಥ ಡಾಕ್ಟರ್ ಕಟಗೇರಿ ಮೊದಲ ದಿನವೇ ಅಪ್ಪನ ಭುಜ ತಟ್ಟಿ, "ಗುರುಶಿದ್ದಪ್ಪ, ಭಾಳ ಒಳ್ಳೆ ಕೇಸು ನೀ," ಅಂದಿದ್ದರು. ದೊಡ್ಡ ಡಾಕ್ಟರಿಕೆಯ ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷೆ ಮುಗಿಯುವವರೆಗೆ ವಾರ್ಡಿನಲ್ಲೇ ಇದ್ದರೆ ಡಯಾಲಿಸಿಸ್‌ಗೆ ಸಾಲಿನಲ್ಲಿ ಕಾಯುವ ಕಷ್ಟವಿಲ್ಲ ಎಂದರು. ಅಪ್ಪ ಒಪ್ಪಿದ. ಅವನು ಯಾವುದಕ್ಕೆ ಒಪ್ಪುತ್ತಿರಲಿಲ್ಲ!

ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಆಯುಷ್ಯ ಕಳೆದವನು ಅವನು. ಗಿರಾಕಿ ಇಡೀ ಕಪಾಟು ಕೆಳಗಿಳಿಸಿ ಏನೂ ಕೊಳ್ಳದೆ ಎದ್ದರೂ ನಗುತ್ತ ನೀರು ಕೊಟ್ಟು ಕಳಿಸುತ್ತಿದ್ದ. ಹಾಸಿಗೆಯ ಮೇಲೂ ಅದೇ ಚಾಳಿ. ರೋಗದ ಹೆಸರನ್ನು ಹುಡುಗರಿಗೆ ಹೇಳಬಾರದು, ಅವರೇ ಕಂಡುಹಿಡಿಯಬೇಕು ಎಂದು ಸಿಸ್ಟರ್ ತಾಕೀತು ಮಾಡಿದ್ದರಿಂದ ಅವನಿಗೆ ಅದೊಂದು ಆಟವೇ ಆಗಿತ್ತು.

"ಕಾಕಾ, ಬರೇ ಒಂದ್ ಹಿಂಟ್ ಕೊಡ್ರಿ," ಎಂದು ಅಫ್ರೀನ್ ಎಂಬ ಹುಡುಗಿ ಬೇಡುತ್ತಿದ್ದಳು. ಅವಳೂ ಪರೀಕ್ಷೆಗೆ ಕೂಡುವವಳೇ.

"ನೋಡ್ರಿ ನೋಡ್ರಿ ತಂಗೆವ್ವಾ, ನೋಡಾಕೇನು ರೊಕ್ಕಿಲ್ಲ. ಇನ್ನಷ್ಟು ಕೆಳಗ ಒತ್ರಿ. ಹಾಂ, ಅಲ್ಲೇ. ಆ ಕಡೆನೂ ಒಂದ್ ಐತಿ, ತೋರಸ್ಲೇನು?"

ಎಲ್ಲರೂ ನಗುತ್ತಿದ್ದರು. ಒತ್ತಿದಾಗ ಅಪ್ಪನ ಹೆಬ್ಬೆರಳು ಹೊದಿಕೆಯ ಅಂಚನ್ನು ಗಟ್ಟಿಯಾಗಿ ಹಿಡಿಯುವುದನ್ನು ನಾನು ಮಾತ್ರ ನೋಡುತ್ತಿದ್ದೆ.

"ಯಾಕ ಹಲ್ಲ ಕಿಸೀತಿ ಅವರ ಮುಂದ?" ಎಂದು ಅವರು ಹೋದ ಮೇಲೆ ಜಗಳ ತೆಗೆಯುತ್ತಿದ್ದೆ. "ನೋಯ್ತೈತಿ ಅಂತ ಹೇಳಾಕ ಏನ್ ರೋಗ ನಿಂಗ?"

"ಅದನ್ನ ಅವ್ರು ಕಂಡುಹಿಡೀತಾರ ಬಿಡು," ಅನ್ನುತ್ತಿದ್ದ.

ಲೋಕಕ್ಕೆಲ್ಲ ಹೂಂ ಅನ್ನುವ ಆ ಮನುಷ್ಯ ನನಗೊಬ್ಬನಿಗೆ ಒಂದೇ ಒಂದು ವಿಷಯದಲ್ಲಿ ಇಲ್ಲ ಅಂದಿದ್ದ. ನನ್ನ ಒಂದು ಕಿಡ್ನಿ ಅವನಿಗೆ ಕೊಡುತ್ತೇನೆ ಎಂದು ನಾನು ಹಟ ಹಿಡಿದಿದ್ದೆ. ಅವ್ವ ತೀರಿಹೋಗಿ ವರ್ಷಗಳಾಗಿದ್ದವು, ಒಡಹುಟ್ಟಿದವರು ನನಗಿರಲಿಲ್ಲ. ಕೊಡುವವನು ನಾನೊಬ್ಬನೇ. ಯಂತ್ರ ಅವನನ್ನು ದಿನದಿಂದ ದಿನಕ್ಕೆ ಹಿಂಡುತ್ತಿತ್ತು. ಮಂಚದಿಂದ ಇಳಿದರೆ ಗೋಡೆ ಹಿಡಿಯುತ್ತಿದ್ದ.

"ನಂದೊಂದು ತಗೋ ಅಂದ್ರ ಯಾಕ ತಿಳೀವಲ್ದು ನಿಂಗ?"

"ಬ್ಯಾಡ."

"ಯಾಕ ಬ್ಯಾಡ?"

"ನಿನ್ನ ಕಿಡ್ನಿ ಹಾಕ್ಕೊಂಡ್ರ ನಿನ್ನ ಸಿಟ್ಟೂ ಬರತೈತೋ ಮಾರಾಯಾ. ಆಮ್ಯಾಲೆ ಅಂಗಡ್ಯಾಗ ಒಬ್ಬ ಗಿರಾಕಿ ನಿಲ್ಲಂಗಿಲ್ಲ."

ಮೊದಮೊದಲು ಹೀಗೆ ಚಾಷ್ಟಿ ಮಾಡಿ ತಪ್ಪಿಸಿಕೊಳ್ಳುತ್ತಿದ್ದ. ಇನ್ನಷ್ಟು ಜಗ್ಗಿದರೆ ಒಪ್ಪಿಯಾನು ಎಂಬ ಆಸೆ ನನಗಿತ್ತು. ಆದರೆ ಒಂದು ಮಧ್ಯಾಹ್ನ ನಾನು ಗಂಜಿ ತರುವಷ್ಟರಲ್ಲಿ ಅವನು ಅಫ್ರೀನಳನ್ನು ಹತ್ತಿರ ಕೂರಿಸಿಕೊಂಡು ಏನೋ ಕೇಳುತ್ತಿದ್ದ. ನನ್ನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು. ಅವತ್ತಿನಿಂದ ಚಾಷ್ಟಿಯೂ ಹೋಯಿತು. ಕಿಡ್ನಿಯ ಸುದ್ದಿ ಎತ್ತಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ.

ಡಾಕ್ಟರ್ ಕಟಗೇರಿಯವರನ್ನು ವರಾಂಡದಲ್ಲಿ ಅಡ್ಡಗಟ್ಟಿ ಕೇಳಿದೆ. ಅವರು ಗಡಿಯಾರ ನೋಡಿಕೊಂಡರು. "ಮೊದ್ಲು ನಿಮ್ಮಪ್ಪ ಹೂಂ ಅನ್ಲಿ. ಆಮ್ಯಾಲೆ ನಿನ್ನ ತಪಾಸಣೆ. ಹ್ಯಾಂಗೂ ಪರೀಕ್ಷೆ ಮುಗೀಲಿ, ಕೂತು ಮಾತಾಡೂಣಂತ."

ಪರೀಕ್ಷೆ ಮುಗೀಲಿ. ಆ ವಾರ್ಡಿನಲ್ಲಿ ಎಲ್ಲದಕ್ಕೂ ಅದೇ ಉತ್ತರ.

ಇನ್ನೊಂದು ಸಂಗತಿ ನನ್ನನ್ನು ಕೆರಳಿಸುತ್ತಿತ್ತು. ಹೊಟ್ಟೆ ಒತ್ತಿ ಮುಗಿಸಿದ ಮೇಲೆ ಪ್ರತಿಯೊಬ್ಬರೂ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಕಂಡದ್ದನ್ನು ಒಪ್ಪಿಸುತ್ತಿದ್ದರು. ಕೊನೆಯ ವಾಕ್ಯಕ್ಕೆ ಬಂದಾಗ ಅವರ ಕಣ್ಣು ಅಪ್ಪನನ್ನು ಬಿಟ್ಟು ನನ್ನ ಕಡೆ ಹೊರಳುತ್ತಿತ್ತು. ಕೆಲವರು ಪೆನ್ನಿನಿಂದ ನನ್ನತ್ತ ತೋರಿಸುತ್ತಿದ್ದರು. ಕಲಿಯದ ಮಗ, ಮುಖ ಗಂಟಿಕ್ಕಿಕೊಂಡು ನಿಂತಿದ್ದಾನೆ ಎಂದು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. "ಏನ್ ನೋಡ್ತೀರಿ?" ಎಂದು ಒಬ್ಬನಿಗೆ ಕೇಳಿಯೂ ಬಿಟ್ಟೆ. ಅವನು ಹೆದರಿ ಪುಸ್ತಕದಲ್ಲಿ ಮುಖ ಹುದುಗಿಸಿದ.

ಪರೀಕ್ಷೆಯ ದಿನ ವಾರ್ಡಿಗೆ ಫಿನಾಯಿಲ್ ಹಾಕಿ ತೊಳೆದರು. ಮಂಚಗಳ ಸುತ್ತ ಇಸ್ತ್ರಿ ಮಾಡಿದ ಪರದೆ ಎಳೆದರು. ಅಪ್ಪ ಗಡ್ಡ ಮಾಡಿಸಿಕೊಂಡು ಮದುವೆಗೆ ಹೊರಟವನಂತೆ ಮಲಗಿದ್ದ. ಹೊರಳಲು ಅವನಿಗೆ ಆಸರೆ ಬೇಕಾಗಿದ್ದರಿಂದ ನಾನು ಪರದೆಯ ಒಳಗೇ ನಿಲ್ಲಬಹುದು ಎಂದರು. ಅಪ್ಪನ ಪಾಲಿಗೆ ಬಂದವನು ಒಬ್ಬ ಎತ್ತರದ ಹುಡುಗ. ಎಷ್ಟು ಹೆದರಿದ್ದನೆಂದರೆ ಅಂಗೈ ಉಜ್ಜುತ್ತಲೇ ನಿಂತುಬಿಟ್ಟ.

"ಸಾಕು ಬಿಡ್ರಿ, ಬೆಚ್ಚಗಾಗಿರಬೇಕು," ಎಂದು ಅಪ್ಪನೇ ಧೈರ್ಯ ಹೇಳಿದ.

ಆಮೇಲೆ ಪರೀಕ್ಷಕರು ಬಂದರು. ಬೇರೆ ಊರಿನಿಂದ ಬಂದಿದ್ದ ಹಿರಿಯರು, ಅವರ ಹಿಂದೆ ಡಾಕ್ಟರ್ ಕಟಗೇರಿ. ಹುಡುಗ ಗಿಳಿಯಂತೆ ಒಪ್ಪಿಸಿದ. ಕೊನೆಯ ವಾಕ್ಯ ಬಂತು. ಅವನ ಕಣ್ಣು ನನ್ನ ಕಡೆ ಹೊರಳಿತು.

ಹಿರಿಯರೂ ನನ್ನನ್ನು ನೋಡಿದರು. "ಮಗನೇನಪ್ಪಾ ನೀನು?"

"ಹೌದ್ರಿ."

"ನಿನ್ನ ಹೊಟ್ಟೆ ಸ್ಕ್ಯಾನ್ ಮಾಡಿದಾರೇನು ಇಲ್ಲಿ?"

"ಇಲ್ರಿ. ನನಗ್ಯಾಕ?"

ಹುಡುಗ ಕಟಗೇರಿಯವರ ಕಡೆ ನೋಡಿದ. ಕಟಗೇರಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದರು. ಹಿರಿಯರು ತಲೆಯಾಡಿಸಿ ಅಂಕ ಬರೆದುಕೊಂಡರು, ಪರದೆ ಸರಿಸಿ ಮುಂದಿನ ಮಂಚಕ್ಕೆ ಹೋದರು. ಅಷ್ಟೇ. ಅಪ್ಪ ಚಾವಣಿ ನೋಡುತ್ತಿದ್ದ.

ಹೊರಗೆ ಓಡಿದೆ. ಅಫ್ರೀನ್ ತನ್ನ ಪರೀಕ್ಷೆ ಮುಗಿಸಿ ಮೆಟ್ಟಿಲ ಮೇಲೆ ನೀರು ಕುಡಿಯುತ್ತ ಕೂತಿದ್ದಳು.

"ನೀವೆಲ್ಲಾರೂ ಕಡೀಕ ನನ್ನ ನೋಡಿ ಏನ್ ಅಂತೀರಿ?"

"ಅಣ್ಣಾ, ಸರ್ ಹೇಳ್ತಾರ…"

"ನೀವು ಹೇಳ್ರಿ."

ಅವಳು ಬಾಟಲಿಯ ಮುಚ್ಚಳ ತಿರುವಿದಳು, ಬಿಚ್ಚಿದಳು, ಮತ್ತೆ ತಿರುವಿದಳು. "ಇದು ವಂಶದಾಗ ಬರೋ ರೋಗ. ಕಾಕಾನ ಅವ್ವನೂ ಹೊಟ್ಟಿ ಊದಿ ಸತ್ರಂತಲ್ಲ, ಅದೂ ಇದ ಇರಬೇಕು. ಮಕ್ಕಳಿಗೆ ಬರೂದು ಅರ್ಧಕ್ಕರ್ಧ. ಬಂದಿದ್ರ ಅವ್ರು ಕಿಡ್ನಿ ಕೊಡಾಕ ಬರೂದಿಲ್ಲ. ಅದಕ್ಕ 'ಮಕ್ಕಳನ್ನ ಪರೀಕ್ಷಿಸಬೇಕು' ಅಂತ ಕಡೀಕ ಹೇಳಬೇಕು ನಾವು."

"ಹೇಳಿದ್ರ ಮಾರ್ಕ್ಸ್ ಐತೇನು ಅದಕ್ಕ?"

"ಐತಿ. ಬಿಟ್ರ ಫೇಲ್ ಮಾಡ್ತಾರ."

"ಹೇಳದಿದ್ರ ಫೇಲು. ಹೇಳಿ ಮಾಡದಿದ್ರ?"

ಅವಳ ಕಣ್ಣಲ್ಲಿ ನೀರು ಬಂತು. ನನಗೆ ಒಂದಿಷ್ಟೂ ಕರುಣೆ ಹುಟ್ಟಲಿಲ್ಲ. ಎಷ್ಟು ಜನ ಬಂದಿದ್ದರು ಆ ಮಂಚದ ಬುಡಕ್ಕೆ! ಎಲ್ಲರೂ ಸರಿಯಾದ ಉತ್ತರವನ್ನೇ ಹೇಳಿದ್ದರು. ಆ ಉತ್ತರ ಗಂಜಿಯ ಡಬ್ಬಿ ಹಿಡಿದು ಅವರೆದುರು ನಿಂತಿತ್ತು. ಅದಕ್ಕೂ ಕಿವಿ ಇದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ತಿರುಗಿ ಅಪ್ಪನ ಹತ್ತಿರ ಬಂದೆ. "ನಿಂಗ ಗೊತ್ತಿತ್ತು."

ಅವನು ಸುಳ್ಳಾಡಲಿಲ್ಲ. "ಎಲ್ಲಾರೂ ನಿನ್ನ ಕಡೆ ಬಟ್ಟ ಮಾಡಿ ತೋರಸತಿದ್ರಲ್ಲ. ಆ ಹುಡುಗಿಗೆ ಕೇಳಿದೆ. ಹೇಳಬ್ಯಾಡವ್ವ ಅವಗ ಅಂತ ಆಣಿ ಹಾಕಿದೆ."

"ಯಾಕ?"

"ತಪಾಸಣೆ ಅಂದ್ರ ಮೊದ್ಲ ಸ್ಕ್ಯಾನ್ ಮಾಡ್ತಾರ. ಏನರ ಕಂಡ್ರ ನಿನ್ನೂ ಇಲ್ಲೇ ಮಲಗಸ್ತಾರ. ನಿನ್ನ ಹೊಟ್ಟಿ ಮ್ಯಾಲ ಇವ್ರ ಕೈ ಬೀಳೂದು ನಂಗ ಬ್ಯಾಡಾಗಿತ್ತು."

"ಮತ್ತ ನೀ ನಕ್ಕೋತ ಮಲಗತಿದ್ದಿ?"

"ನಾ ನಗದಿದ್ರ ನೀ ಯಾರನ್ನರ ಹೊಡದು ಜೇಲಿಗೆ ಹೋಗತಿದ್ದಿ."

"ಹಂಗಾದ್ರ ಏನೂ ಗೊತ್ತಿಲ್ಲದ ಕುರಿಯಂಗ ಇರಬೇಕಿತ್ತೇನು ನಾ?"

"ಹೂಂ," ಅಂದ ಅಪ್ಪ. "ಇನ್ನೊಂದಿಷ್ಟು ದಿನ."

ಅವನ ಮೇಲೂ ಸಿಟ್ಟು ಬಂತು. ಇವತ್ತಿಗೂ ಇದೆ. ಕಲಿತವರು ನನ್ನ ವಿಷಯವನ್ನು ನನ್ನಿಂದ ಬಚ್ಚಿಟ್ಟಿದ್ದು ಅಲಕ್ಷ್ಯದಿಂದ, ಅವನು ಬಚ್ಚಿಟ್ಟಿದ್ದು ಪ್ರೀತಿಯಿಂದ. ಕತ್ತಲೆಯಲ್ಲಿ ನಿಂತವನಿಗೆ ಎರಡೂ ಒಂದೇ.

ಪರೀಕ್ಷಕರಿಗೆ ಊಟ ಹಾಕಿದ್ದ ಕೋಣೆಯ ಬಾಗಿಲು ತಳ್ಳಿಕೊಂಡು ಹೋದೆ. ಕಾವಲಿನವನು ತೋಳು ಹಿಡಿದು ಎಳೆಯುತ್ತಿದ್ದ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು.

"ನನ್ನ ಸ್ಕ್ಯಾನ್ ಮಾಡ್ರಿ," ಅಂದೆ.

"ಇದು ಊಟದ ಹೊತ್ತಪಾ," ಎಂದರು ಕಟಗೇರಿ. "ನಾಳೆ ಬಾ, ಒಂದ್ ಚೀಟಿ ಬರ್ಕೊಡ್ತೀನಿ."

"ನನ್ನ ನೋಡ್ಕೋತ ನಿಮ್ಮ ಹುಡುಗರೆಲ್ಲ ಪಾಸಾದ್ರಲ್ಲ, ಈಗ ನನ್ನ ನೋಡ್ರಿ!"

ಹಿರಿಯ ಪರೀಕ್ಷಕರು ಮುರಿದ ಹಪ್ಪಳವನ್ನು ಎಲೆಯ ಮೇಲಿಟ್ಟರು. ತಲೆ ಎತ್ತಲಿಲ್ಲ. ಅವರೆದುರು ಇಲ್ಲ ಎನ್ನಲಾಗದೆ ಕಟಗೇರಿ ಕೈ ತೊಳೆದುಕೊಂಡರು.

ಸ್ಕ್ಯಾನ್ ಕೋಣೆಯ ಹೊರಗೇ ಅಂಗಿ ಬಿಚ್ಚಿ ಬೆಂಚಿಗೆ ಒಗೆದೆ. ಎರಡು ಗುಂಡಿ ಹಾರಿಹೋದವು. ಒಳಗೆ ಒಬ್ಬ ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಯಂತ್ರದ ಮೂತಿ ಒತ್ತಿದರು. ಬಲಕ್ಕೆ ಒತ್ತಿದರು, ಎಡಕ್ಕೆ ಒತ್ತಿದರು. ಎಲ್ಲಿಂದಲೋ ಕಲಿಯುವ ಹುಡುಗರು ಬಂದು ಸೇರಿಕೊಂಡರು. ಎಲ್ಲರ ಮುಖ ಯಂತ್ರದ ಪರದೆಯ ಕಡೆ, ಎಲ್ಲರ ಮಾತು ಇಂಗ್ಲಿಷು. ನಾನು ಒಬ್ಬೊಬ್ಬರ ಮುಖ ನೋಡುತ್ತ ಮಲಗಿದ್ದೆ.

ಕಟಗೇರಿ ಬಗ್ಗಿ ನೋಡಿದರು. ಅವರ ಮುಖ ಅರಳಿತು. ದೇವರಾಣೆ, ಅರಳಿತು. "ಎರಡೂ ಕಡೆ ಗುಳ್ಳಿ ಅವ. ತಂದಿ-ಮಗ, ಎರಡು ತಲಿಮಾರು! ನಮ್ಮ ಸಂಶೋಧನೆಗೆ ಇಂಥಾ ಮನೆತನಾನ ಬೇಕಾಗಿತ್ತು. ಮುಂದಿನ ಪರೀಕ್ಷೆಗೆ ಬರ್ತೀಯೇನಪಾ?"

ನನಗೆ ಗೊತ್ತಾದದ್ದು ಹೀಗೆ.

ಎದ್ದು ಕೂತೆ. ಹೊಟ್ಟೆಯ ಅಂಟು ಚಡ್ಡಿಗೆ ಇಳಿಯುತ್ತಿತ್ತು. ಕೈ ಎತ್ತಬೇಕೆಂದಿದ್ದೆ, ನಾನು ಹೊಡೆಯುತ್ತೇನೆಂದೇ ಅಪ್ಪ ಇಷ್ಟು ದಿನ ನಕ್ಕಿದ್ದು ನೆನಪಾಗಿ ಮಂಚದ ಕಬ್ಬಿಣ ಹಿಡಿದೆ.

"ನನ್ನ ಕಿಡ್ನಿ ನಮ್ಮಪ್ಪಗ ಬರತೈತೋ ಇಲ್ಲೋ? ಇವರ ಮುಂದ ಹೇಳ್ರಿ. ನಂಗ ತಿಳಿಯೂವಂಗ ಹೇಳ್ರಿ."

ಅವರ ನಗು ಅರ್ಧಕ್ಕೆ ನಿಂತಿತು. "ಬರೂದಿಲ್ಲ."

"ಯಾಕ ಬರೂದಿಲ್ಲ?"

"ನಿನಗೂ ಅದ ಐತಿ. ಒಂದ್ ತಗದ್ರ ಮುಂದ ನಿನಗ ಸಾಲೂದಿಲ್ಲ."

"ಇದನ್ನ ಪರೀಕ್ಷೆಗಿಂತ ಮೊದ್ಲ ಹೇಳಬಹುದಿತ್ತೋ ಇಲ್ಲೋ?"

ಅವರು ಹುಡುಗರ ಕಡೆ ನೋಡಿದರು. ಹುಡುಗರು ನೆಲ ನೋಡುತ್ತಿದ್ದರು.

ಹೊರಗೆ ಬೆಂಚಿನ ಮೇಲೆ ಅಪ್ಪ ಕೂತಿದ್ದ. ವಾರ್ಡಿನಿಂದ ಅಲ್ಲಿಯವರೆಗೆ ಗೋಡೆ ಹಿಡಿದುಕೊಂಡು ಒಬ್ಬನೇ ಬಂದಿದ್ದ. ರೋಗಿಯ ಜೊತೆಗೆ ಬಂದವರು ಕೂಡುವ ಬೆಂಚು ಅದು. ನನ್ನ ಅಂಗಿ ಅವನ ತೊಡೆಯ ಮೇಲಿತ್ತು. ನನ್ನ ಮುಖ ನೋಡಿದ. ಕಷ್ಟಪಟ್ಟು ಎದ್ದು ನಿಂತು ಅಂಗಿಯ ಒಂದು ತೋಳನ್ನು ಹಿಡಿದ. ನಾನು ಕೈ ತೂರಿಸಿದೆ. ಇನ್ನೊಂದು ತೋಳು ಹಿಡಿದ.

ಆಮೇಲೆ ಉಳಿದ ಗುಂಡಿಗಳನ್ನು ಹಾಕತೊಡಗಿದ. ಒಂದು ಗುಂಡಿ ಪಕ್ಕದ ಕಾಜಿಗೆ ಹೋಯಿತು. ಅವನಿಗದು ಕಾಣಲಿಲ್ಲ. ಹಾಗೆಯೇ ಕೆಳಗಿನವರೆಗೂ ಹಾಕುತ್ತ ಹೋದ. ನಾನು ತಿದ್ದಲಿಲ್ಲ. ಅಂಗಿಯ ಒಂದು ಅಂಚು ಮೇಲಕ್ಕೆ, ಒಂದು ಅಂಚು ಕೆಳಕ್ಕೆ ಜೋತಾಡುತ್ತಿರಲು, ಅವನ ಕೈಯನ್ನು ನನ್ನ ಹೆಗಲಿಗೆ ಹಾಕಿಕೊಂಡು ಡಯಾಲಿಸಿಸ್ ಕೋಣೆಯ ಕಡೆ ನಡೆಸಿಕೊಂಡು ಹೋದೆ.