ಉಡಿ ಅಕ್ಕಿಯೊಳಗಿನ ಚಸ್ಮಾ

ನನ್ನ ತಮ್ಮನ ಹೆಂಡತಿ ಸಾರಿಕಾ ಒಂದು ಮರಾಠಿ ಸೀರಿಯಲ್ ನೋಡುತ್ತಾಳೆ. ಅದರ ನಾಯಕಿ ಆರು ತಿಂಗಳು ದಪ್ಪ ಚಸ್ಮಾ ಹಾಕಿಕೊಂಡು ಆಫೀಸಿನಲ್ಲಿ ಫೈಲು ಹೊತ್ತಳು, ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ಚಸ್ಮಾ ತೆಗೆದಳು, ಕೂದಲು ಬಿಟ್ಟಳು, ಎಲ್ಲಿಂದಲೋ ಗಾಳಿ ಬೀಸಿತು, ಸಾಹೇಬನಿಗೆ ಪ್ರೀತಿ ಹುಟ್ಟಿತು. ಈಗ ಅವಳು ಚಸ್ಮಾ ಇಲ್ಲದೆಯೇ ಕಾರು ಓಡಿಸುತ್ತಾಳೆ. ಹುಡುಗಿಯ ಚಸ್ಮಾದ ನಂಬರು ಎಲ್ಲಿಗೆ ಹೋಯಿತು ಎಂದು ನಾನು ಕೇಳಿದರೆ ಸಾರಿಕಾಗೆ ಸಿಟ್ಟು.

ಅದು ಟಿವಿಯೊಳಗೇ ಇದ್ದಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಮೊನ್ನೆ ಭಾನುವಾರ ಅವಳ ಮಗಳು ದೀಪಾಲಿಯನ್ನು ನೋಡಲು ಗಡಹಿಂಗ್ಲಜದಿಂದ ಗಂಡಿನ ಕಡೆಯವರು ಬರುವವರಿದ್ದರು. ದೀಪಾಲಿ ಇಲ್ಲೇ ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ನೇಯ್ದ ಬಟ್ಟೆ ತಪಾಸಣೆ ಮಾಡುತ್ತಾಳೆ. ಹರಿದ ಒಂದು ಎಳೆಯೂ ಅವಳ ಕಣ್ಣು ತಪ್ಪಿಸುವುದಿಲ್ಲ, ಚಸ್ಮಾ ಇದ್ದರೆ. ಕೊಲ್ಲಾಪುರದ ಡಾಕ್ಟರು ಬರೆದುಕೊಟ್ಟ ನಂಬರು ಐದೂವರೆ.

ಮೊದಲಿನ ಎರಡು ಸಂಬಂಧ ತಪ್ಪಿದ್ದು ಚಸ್ಮಾದಿಂದಲೇ ಎಂದು ಸಾರಿಕಾ ನಂಬಿದ್ದಳು. ಹೊರಗೆ ಜೀಪು ನಿಂತ ಸಪ್ಪಳ ಕೇಳಿದ್ದೇ ಮಗಳ ಮುಖದಿಂದ ಚಸ್ಮಾ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ದೀಪಾಲಿ ಬೇಡವೆಂದಳು, ನಾನು ಸಾರಿಕಾಗೆ ಬೈದೆ. ಅಷ್ಟರಲ್ಲಿ ಬೀಗರು ಹೊಸ್ತಿಲಲ್ಲಿದ್ದರು.

ದೀಪಾಲಿ ಅವಲಕ್ಕಿಯ ತಟ್ಟೆಯನ್ನು ಹುಡುಗ ಅಜಿಂಕ್ಯ ಮತ್ತು ಅವನ ಅಪ್ಪನ ನಡುವಿನ ಖಾಲಿ ಜಾಗಕ್ಕೆ ಚಾಚಿದಳು. ನಾನು ಮೊಳಕೈ ಹಿಡಿದು ತಿರುಗಿಸಿದೆ. ತಲೆ ಎತ್ತಿ ಯಾರನ್ನೂ ನೋಡದ ಹುಡುಗಿ ಎಂದು ಹುಡುಗನ ತಾಯಿ ನಾಗೂಬಾಯಿ ಮೆಚ್ಚಿಕೊಂಡಳು. ನಮ್ಮ ಸಾರಿಕಾ ಹಿಗ್ಗಿಹೋದಳು. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಹೊರಡುವ ಮೊದಲು ನಾಗೂಬಾಯಿಯ ಉಡಿ ತುಂಬಬೇಕಲ್ಲ. ಅವಳು ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಸಾರಿಕಾ ಕುಪ್ಪಸದ ಕಣ, ಕಾಯಿ ಇಟ್ಟು, ಸಂಭ್ರಮದಲ್ಲಿ ಅಕ್ಕಿಯ ಡಬ್ಬಿಯನ್ನೇ ತಂದು ಎರಡೂ ಕೈಯಿಂದ ಬೊಗಸೆ ಹಾಕತೊಡಗಿದಳು. ಐದನೆಯ ಬೊಗಸೆಗೆ ಕೈ ಆಳಕ್ಕೆ ಹೋಯಿತು. ಅಕ್ಕಿಯ ಜೊತೆ ಚಸ್ಮಾ ಸೆರಗಿಗೆ ಬಿತ್ತು. ಗಡಿಬಿಡಿಯಲ್ಲಿ ಅದನ್ನು ಎಲ್ಲಿ ಹುಗಿದಿದ್ದಳೋ ಪುಣ್ಯಾತ್ಗಿತ್ತಿ ಮರೆತೇಬಿಟ್ಟಿದ್ದಳು.

ಚಸ್ಮಾ ನನ್ನದೆಂದು ಹೇಳುವಂತೆ ಸಾರಿಕಾ ನನಗೆ ಕಣ್ಣಸನ್ನೆ ಮಾಡಿದಳು. ನಾನು ಕಾಣದವಳಂತೆ ಗೋಡೆ ನೋಡಿದೆ.

"ಅದು ನನ್ನ ಚಸ್ಮಾ ರೀ," ಎಂದಳು ದೀಪಾಲಿ. "ಅದಿಲ್ದ ನನಗ ಎದುರಿನ ಮನಶಾನೂ ಕಾಣಂಗಿಲ್ಲ."

ನಾಗೂಬಾಯಿ ಅದನ್ನು ತಿರುಗಿಸಿ ನೋಡಿದಳು. ತಾನೂ ಮಗನ ಮದುವೆ ಓಡಾಟ ಶುರುವಾದಾಗಿನಿಂದ ತನ್ನ ಚಸ್ಮಾ ಮನೆಯಲ್ಲಿಟ್ಟೇ ಬರುತ್ತೇನೆ ಎಂದು ನಕ್ಕಳು. ಆಮೇಲೆ, "ಉಡಿಗೆ ಬಿದ್ದದ್ದು ಕೈಯಾಗ ತಿರುಗಿ ಕೊಡಬಾರದವ್ವಾ," ಎಂದಳು. "ಬಾ, ನಿನ್ನ ಉಡಿ ತುಂಬತೇನಿ. ಅದರಾಗ ಹಾಕತೇನಿ."

ಬೀಗರು ಹುಡುಗಿಯ ಉಡಿ ತುಂಬುವುದೆಂದರೆ ಅವರಿಗೆ ಅವಳು ಒಪ್ಪಿಗೆ ಎಂದರ್ಥ. ಸಾರಿಕಾ ಮಗಳನ್ನು ಹಿಂದಿನಿಂದ ತಳ್ಳಿದಳು. ದೀಪಾಲಿ ಅಲುಗಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಮೊದಲ ಕೈಯಾಗ ಕೊಡ್ರಿ. ನಿಮ್ಮ ಮಗನ್ನ ನಾ ಇನ್ನೂ ನೋಡೇ ಇಲ್ಲ."

ನಾಗೂಬಾಯಿ ಚಸ್ಮಾವನ್ನು ಅವಳ ಕೈಗೆ ಕೊಟ್ಟಳು. ದೀಪಾಲಿ ಸೆರಗಿನಿಂದ ಅಕ್ಕಿಯ ಧೂಳು ಒರೆಸಿ ಹಾಕಿಕೊಂಡಳು. ಕಾರ್ಖಾನೆಯಲ್ಲಿ ಬಟ್ಟೆಯ ಥಾನು ಬಿಚ್ಚಿ ನೋಡುವ ಹಾಗೆ ಹುಡುಗನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕಾಲು ಚಾಚಿ ಮೊಬೈಲು ತಿಕ್ಕುತ್ತಿದ್ದ ಅಜಿಂಕ್ಯ ನೆಟ್ಟಗೆ ಕೂತು ಅಂಗಿ ಎಳೆದುಕೊಂಡ. ದೀಪಾಲಿ ಎದುರಿನ ಕುರ್ಚಿಯಲ್ಲಿ ಕೂತಳು.

"ಹೇಳ್ರಿ," ಎಂದಳು, "ನೀವು ಏನ ಕೆಲಸಾ ಮಾಡತೀರಿ?"

ನಾಗೂಬಾಯಿ ತುಂಬಿದ ಉಡಿ ಹಿಡಿದು ಮಣೆಯ ಮೇಲೆ ಆರಾಮಾಗಿ ಕೂತಳು, ಇನ್ನೊಂದು ಚಹಾ ಆಗಲಿ ಎಂದಳು. ಅಡುಗೆಮನೆಯಲ್ಲಿ ಸಾರಿಕಾ ಕಣ್ಣೊರೆಸಿಕೊಳ್ಳುತ್ತ, ಸೀರಿಯಲ್‌ನಲ್ಲಿ ಹೀಗಾಗಲೇ ಇಲ್ಲ ಎಂದು ಶುರುಮಾಡಿದಳು. ನಾನು ಚಹಾದ ಪಾತ್ರೆ ಅವಳ ಕೈಗೆ ಕೊಟ್ಟೆ.